ಮುಹೂರ್ತದ ಹೊತ್ತಿಗೆ ಕಾರಿನಡಿಯಲ್ಲಿದ್ದ ಮಾವ

ನನ್ನ ಸೋದರಮಾವನ ಜೊತೆ ಹೊರಟವರು ಹೊರಟ ಕೆಲಸ ಮುಗಿಸಿ ಬಂದ ಉದಾಹರಣೆ ನಮ್ಮ ಕುಟುಂಬದಲ್ಲೇ ಇಲ್ಲ! ದಾರಿಯಲ್ಲಿ ಎಲ್ಲೋ ಒಂದು ಮೂಕಪ್ರಾಣಿ ಸಿಕ್ಕಿಹಾಕಿಕೊಂಡು ಇವರಿಗೋಸ್ಕರವೇ ಕಾಯುತ್ತಿರುತ್ತದೆ.

ಒಮ್ಮೆ ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದವರು ಮಾಣಿ ಪೇಟೆಯಲ್ಲಿ ಬಸ್ಸಿನಿಂದ ಇಳಿದೇ ಬಿಟ್ಟರು. ಬೀದಿನಾಯಿಯೊಂದು ಪ್ಲಾಸ್ಟಿಕ್ ಭರಣಿಗೆ ತಲೆ ತೂರಿಸಿ, ಹೆಲ್ಮೆಟ್ ಹಾಕಿದವರ ಹಾಗೆ ರಸ್ತೆಯಲ್ಲಿ ಓಡಾಡುತ್ತಿತ್ತಂತೆ. ನಾಯಿಯ ಹಿಂದೆ ಮಾವ, ಮಾವನ ಹಿಂದೆ ಅತ್ತೆ! ಅಂತೂ ಭರಣಿ ಬಿಡಿಸಿದರು. ನಾಯಿ ಮಾವನ ಕೈ ನೆಕ್ಕಿ, ಅತ್ತೆಯ ಸೀರೆ ಕಚ್ಚಿ ಹರಿದುಹಾಕಿತು.

"ಪಾಪ, ಅದಕ್ಕೆ ಖುಷಿ ಆದದ್ದು" ಎಂದರು ಮಾವ. ಅತ್ತೆ ವಾರವಿಡೀ ಮಾತು ಬಿಟ್ಟರು.

ಇನ್ನೊಮ್ಮೆ ಮೆಲ್ಕಾರಿನ ಎಟಿಎಂನಲ್ಲಿ ಯಂತ್ರದ ಹಿಂದೆ ಬೆಕ್ಕಿನ ಮರಿ ಹೊಕ್ಕಿತ್ತು. ಮಾವ ಯಂತ್ರಕ್ಕೆ ಕೆನ್ನೆ ಆನಿಸಿ, "ಬಾ ಮಗಾ, ಹೆದರ್ಬೇಡ, ಮೆಲ್ಲ ಹೊರಗೆ ಬಾ" ಎಂದು ಗೋಗರೆಯುತ್ತಿದ್ದರು. ಹೊರಗೆ ಸಾಲಿನಲ್ಲಿದ್ದ ಪಕ್ಕದ ಅಂಗಡಿಯ ಕಾಕ ತಾಳ್ಮೆಗೆಟ್ಟು ಇಣುಕಿದರು. "ಹಾಗೆ ಕೇಳಿದ್ರೆ ಕೊಡ್ತದಾ ಮಾರಾಯ್ರೆ? ಪಿನ್ ಒತ್ತಬೇಕು!"

ಇಂಥವರ ಕೈ ಹಿಡಿದು ನಾನು ಮದುವೆ ಮಂಟಪಕ್ಕೆ ಹೋಗಬೇಕಿತ್ತು! ನಮ್ಮಲ್ಲಿ ಮದುಮಗಳನ್ನು ಕರೆತರುವುದು ಸೋದರಮಾವನೇ. ಮೂಡುಬಿದಿರೆಯ ಮದುವೆ ಹಾಲ್‌ಗೆ ವರ ಬಂದಾಗಿದೆ, ಭಟ್ಟರು ಗಡಿಯಾರ ನೋಡುತ್ತಿದ್ದಾರೆ, ಮಾವ ಮಾತ್ರ ಎಲ್ಲೂ ಇಲ್ಲ. ಅಲಂಕಾರ ಮಾಡಿಕೊಂಡ ನಾನು ಕೋಣೆಯ ಕಿಟಕಿಯ ಬಳಿ ಕೂತು ಕಾಯುತ್ತಿದ್ದೆ.

ಹುಡುಕಿದರೆ, ಹೂವಿನಿಂದ ಸಿಂಗರಿಸಿದ ವರನ ಕಾರಿನಡಿಯಿಂದ ಎರಡು ಕಾಲು ಕಾಣುತ್ತಿದ್ದವು. ಜರಿಯಂಚಿನ ಪಂಚೆಯಿಂದ ಅಮ್ಮ ಗುರುತು ಹಿಡಿದರು.

"ಹೊರಗೆ ಬಾ ಮಾರಾಯ, ಮುಹೂರ್ತ ಮೀರ್ತದೆ!"

"ಎಂಜಿನ್ನಲ್ಲಿ ಬೆಕ್ಕಿನ ಮರಿ ಉಂಟಕ್ಕಾ. ಯಾರೂ ಕಾರು ಸ್ಟಾರ್ಟ್ ಮಾಡ್ಬೇಡಿ!"

"ನಿನಗೆ ಬೆಕ್ಕು ದೊಡ್ಡದಾ, ನನ್ನ ಮಗಳು ದೊಡ್ಡದಾ?"

ಎರಡೂ ಕಾಲು ಕಾರಿನಡಿಗೆ ಇನ್ನಷ್ಟು ಸರಿದವು. ಕಿಟಕಿಯಿಂದ ಕೇಳಿಸಿಕೊಂಡ ನನಗೆ ಮಾತ್ರ ಉತ್ತರ ಬೇಕೇ ಬೇಕಿತ್ತು. ಅವರ ಹೆಗಲ ಮೇಲೆ ಕೂತು ಬೆಳೆದವಳಲ್ಲವೇ ನಾನು?

ಕೊನೆಗೂ ಮಾವ ಹೊರಬಂದರು. ಹೊಸ ಶಲ್ಯದಲ್ಲಿ ಮರಿಯನ್ನು ಸುತ್ತಿ, "ಸ್ವಲ್ಪ ಹಿಡ್ಕೊಳ್ಳಿ" ಎಂದು ಬೀಗರ ಕೈಗೇ ಕೊಟ್ಟರು! ನನ್ನ ಕೋಣೆಗೆ ಓಡಿ ಬಂದು ಕೈ ಚಾಚಿದವರು, ಗ್ರೀಸಿನಿಂದ ಕಪ್ಪಾಗಿದ್ದ ಬೆರಳು ಕಂಡು ಹಿಂದೆಳೆದುಕೊಂಡರು. ಆಗಲೇ ಅವರಿಗೆ ನನ್ನ ಕಣ್ಣಲ್ಲಿ ನೀರು ಕಂಡದ್ದು.

"ಸಿಟ್ಟಾ?"

"ಹೆದರಿಕೆ ಆಗ್ತದೆ ಮಾವ. ಹೊಸ ಮನೆ, ಹೊಸ ಜನ."

ಮಾವ ಗ್ರೀಸನ್ನೂ ಲೆಕ್ಕಿಸದೆ ನನ್ನ ಮದರಂಗಿಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಅಲ್ಲಿ ಉಸಿರು ಕಟ್ಟಿದ ಹಾಗೆ ಆದ್ರೆ ಒಂದು ಫೋನ್ ಮಾಡು ಮಗಾ. ಯಾರ ಮದುವೆಯೇ ಇರಲಿ, ಅರ್ಧಕ್ಕೆ ಬಿಟ್ಟು ಬರ್ತೇನೆ."

ಮಂಟಪ ತಲುಪುವವರೆಗೂ ನಾನು ಆ ಕೈ ಬಿಡಲಿಲ್ಲ.