ಬೆಲ್ಲದೂರಿನ ಅಜ್ಜಿಗೆ ವಿಷ ಅರೆಯಲು ಕಲಿಸಿದವರಿಗೆ

‘ಬೆಲ್ಲದೂರಿನ ಕತ್ತಲು’ ಧಾರಾವಾಹಿಯ ನಿರ್ಮಾಪಕ ಮಹಾಶಯರಿಗೆ,

ಮಾನ್ಯರೇ,

ವಂಡ್ಸೆಯ ಕುಸುಮಾವತಿ ಶೆಡ್ತಿಯಾದ ನಾನು ತಮ್ಮ ಪ್ರತಿಭೆಗೆ ಎದ್ದು ನಿಂತು ಕೈಮುಗಿಯುತ್ತೇನೆ. ಓದಿದ್ದು ಹೈಸ್ಕೂಲಿನವರೆಗೆ ಮಾತ್ರವಾದರೂ ನಮ್ಮ ಮನೆಯಲ್ಲಿ ನನ್ನ ಮಾತೇ ಕೊನೆಯದು. ಊರೂರಲ್ಲಿ ಹೋಟೆಲು ನಡೆಸುವ ತಮ್ಮಂದಿರೂ ಹೊಸದೊಂದನ್ನು ತೆರೆಯುವ ಮೊದಲು ನನ್ನನ್ನು ಕೇಳುತ್ತಾರೆ.

ನನ್ನ ಮಗಳು ‘ಬೆಲ್ಲದೂರಿನ ಮಕ್ಕಳು’ ಎಂಬ ಚಿತ್ರಕಥೆ ಓದಿ ಬೆಳೆದವಳು. ಅದರಲ್ಲಿ ನಾಯಿಮರಿ ಕಳೆದುಹೋಗುತ್ತಿತ್ತು, ಸಿಗುತ್ತಿತ್ತು. ಅಜ್ಜಿ ಎಲ್ಲರಿಗೂ ಕಡುಬು ಹಂಚುತ್ತಿದ್ದಳು. ಇಷ್ಟು ಸಪ್ಪೆ ಕಥೆಯನ್ನು ತಾವು ಉದ್ಧಾರ ಮಾಡಿದ ಬಗೆಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಲ ಕಂತಿನಲ್ಲೇ ನಾಯಿಮರಿಯನ್ನು ಕೊಂದಿರಿ. ಮೀಸೆ ಬಲಿತ ಗಂಡಸರಿಗೆ ಪಿಯುಸಿ ಸಮವಸ್ತ್ರ ತೊಡಿಸಿ, ಕಾಗದ ತರುತ್ತಿದ್ದ ಪೋಸ್ಟ್‌ಮ್ಯಾನನ್ನು ಗುಪ್ತ ಸಂಘದ ನಾಯಕನನ್ನಾಗಿಸಿ, ಊರಿಗೆಲ್ಲ ಹೊಗೆ ಬಿಟ್ಟಿರಿ. ಕಡುಬಿನ ಅಜ್ಜಿಗೆ ಕೆಂಪು ರೇಷ್ಮೆ ಸೀರೆ, ಕಪ್ಪು ಕನ್ನಡಕ ಕೊಟ್ಟು, ನಗುನಗುತ್ತಾ ವಿಷ ಅರೆಯುವ ಉದ್ಯೋಗಕ್ಕೆ ಹಚ್ಚಿದಿರಿ.

ಆಸಾಡಿ ಅಮಾಸೆಯಂದು ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಕಷಾಯ ಮಾಡಿ, ವರ್ಷವಿಡೀ ರೋಗ ಬಾರದಿರಲೆಂದು ಬರಿಹೊಟ್ಟೆಯಲ್ಲಿ ಮನೆಮಂದಿಗೆಲ್ಲ ಹಿರಿಯಳು ಕುಡಿಸುವುದು ನಮ್ಮ ಕಡೆಯ ಪದ್ಧತಿ. ಈ ಸಲ ನಾನು ತೊಗಟೆ ಅರೆಯುತ್ತಿದ್ದುದನ್ನು ಮೊಮ್ಮಗಳು ಅಕ್ಷಯಾ ಬಾಗಿಲ ಸಂದಿಯಿಂದ ಮೊಬೈಲಿನಲ್ಲಿ ಹಿಡಿದು, ತಮ್ಮ ಧಾರಾವಾಹಿಯ ಸಂಗೀತ ಸೇರಿಸಿ, ನೆಂಟರಿಗೆಲ್ಲ ಕಳುಹಿಸಿದಳು. ಲೋಟ ಕೊಟ್ಟರೆ, “ಅಮ್ಮಮ್ಮ, ಫಸ್ಟ್ ನೀವ್ ಕುಡಿನಿ, ಕಾಂಬ” ಎಂದಳು. ಅವಳ ತಮ್ಮ ಮಿಥುನ್, “ನಂಗ್ ಬ್ಯಾಡ. ನಂಗಿನ್ನೂ ಎರ್ಡ್ ಎಪಿಸೋಡ್ ಕಾಂಬುಕಿತ್ತ್” ಎಂದು, ಅವನ್ನು ನೋಡದೆ ಸಾಯಲಾರೆನೆಂಬಂತೆ ಲೋಟ ದೂಡಿದ. ಇದೇ ಕೈಯಿಂದ ಉಂಡು ಬೆಳೆದ ಅವರ ತಾಯಿಯಾದ ನನ್ನ ಮಗಳೂ ನಕ್ಕಳು. ನಾನು ಇಬ್ಬರ ಲೋಟವನ್ನೂ ಅವರೆದುರೇ ಕುಡಿದು ಇಟ್ಟೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಮುಂದಿನ ಕಂತಿನೊಳಗೆ ನಾಯಿಮರಿಯನ್ನು ಬದುಕಿಸಿ; ಉಳಿದ ಹೊಗೆಯನ್ನು ಮೂಟೆ ಕಟ್ಟಿ ನಮ್ಮ ಕೊಟ್ಟಿಗೆಗೆ ಕಳುಹಿಸಿ, ಸೊಳ್ಳೆ ಓಡಿಸಲಿಕ್ಕಾದರೂ ಆದೀತು; ಮತ್ತು ನನ್ನ ಕೈಯ ಮೇಲೆ ಆ ಮಕ್ಕಳಿಗಿದ್ದ ನಂಬಿಕೆಯನ್ನು ದಯವಿಟ್ಟು ಮರುಪ್ರಸಾರ ಮಾಡಿ.

ಉತ್ತರಕ್ಕೆ ನಾನು ಕಾಯುವುದಿಲ್ಲ. ಅನುಮಾನವಿರುವ ಕೈಯಿಂದ ಯಾರೂ ಉಣ್ಣಬೇಕಾಗಿಲ್ಲವೆಂದು ಹೇಳಿ, ಅಡುಗೆಮನೆಯನ್ನು ಅವರಿಗೇ ಒಪ್ಪಿಸಿ, ಅಂದೇ ಬಸ್ಸು ಹತ್ತಿ ಯಡ್ತರೆಯ ತಂಗಿ ಜಲಜಳ ಮನೆಗೆ ಬಂದಿದ್ದೇನೆ. ಇಲ್ಲಿ ನಾನು ಬಡಿಸಿದ್ದನ್ನು ಯಾರೂ ಮೂಸಿ ನೋಡುವುದಿಲ್ಲ.

ವಿಶ್ವಾಸ ಉಳಿಯದ ಮನೆಯಿಂದ ಬಂದಿರುವ, ಆದರೂ ತಮ್ಮ ವಿಶ್ವಾಸಿ,
ಕುಸುಮಾವತಿ ಶೆಡ್ತಿ

ತಾ.ಕ.: ಕೊಲೆ ಮಾಡುವಷ್ಟು ಪುರುಸೊತ್ತು ನನಗೆ ಗೊತ್ತಿರುವ ಯಾವ ಅಜ್ಜಿಗೂ ಇಲ್ಲ. ಅಷ್ಟು ಪುರುಸೊತ್ತು ಇರುವವರೆಲ್ಲ ತಮ್ಮಲ್ಲಿ ಕಥೆ ಬರೆಯಲು ಸೇರಿಕೊಂಡಂತೆ ಕಾಣುತ್ತದೆ.