ಗಿಣಿಮೂಗು

ಜೇಡರ ಬಲೆ ತೆಗೆಯಲು ಹೋಗಿ ಗುಮಾಸ್ತರು ಗಿಳಿಯ ಮೂಗು ಮುರಿದರು. ನಡುಮನೆಯ ಬಾಗಿಲ ಮೇಲೆ ಎದುರುಬದುರು ಕೂತಿದ್ದ ಜೋಡಿ ಗಾರೆ ಗಿಳಿಗಳಲ್ಲಿ ಎಡಗಡೆಯದು. ಉದ್ದನೆಯ ಪೊರಕೆ ತಗುಲಿದ್ದೇ ನೆಪ, ಮೂಗು ಕಾಲಬುಡಕ್ಕೆ ಬಿದ್ದು ಪುಡಿಪುಡಿಯಾಯಿತು.

ಗಿಳಿ ಮಾಡಿದವರು ಗಾರೆ ಮೇಸ್ತ್ರಿಯಾಗಿದ್ದ ಮಾವ. ಮನೆಯಿರುವುದು ಅತ್ತೆಯ ಹೆಸರಲ್ಲಿ. ಬೀಗದಕೈ ಕೊಡುವಾಗ ಅತ್ತೆ ಹೇಳಿದ್ದು ಒಂದೇ ಮಾತು: "ನನ್ನ ಗಿಳಿಗೆ ಏನಾದ್ರೂ ಆಯ್ತೋ, ಅವತ್ತೇ ಮನೆ ಖಾಲಿ ಮಾಡಿ." ಆ ಇಬ್ಬರೂ ಇವತ್ತೇ ನಾಲ್ಕು ಗಂಟೆಗೆ ಬರುವವರಿದ್ದರು.

"ನೀವುಂಟು, ನಮ್ಮಮ್ಮ ಉಂಟು. ನನ್ನ ಕೇಳ್ಬೇಡಿ," ಎಂದು ಹೆಂಡತಿ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟೇಬಿಟ್ಟಳು.

ಗುಮಾಸ್ತರು ಎದುರುಮನೆಯ ಡ್ರಾಯಿಂಗ್ ಮೇಷ್ಟ್ರ ಬಳಿಗೆ ಓಡಿದರು. "ಸಾರ್, ಮೂಗು ಮುರಿದಿದೆ. ಪ್ಲಾಸ್ಟರ್ ಹಾಕೋರು ಯಾರಾದ್ರೂ ಗೊತ್ತಾ? ಬೇಗ ಆಗ್ಬೇಕು."

ಬೀದಿಯ ಎಲ್ಲರ ವಿಷಯದಲ್ಲೂ ಮೂಗು ತೂರಿಸುವ ಮೇಷ್ಟ್ರಿಗೆ, ಮುರಿದದ್ದು ಯಾರ ಮೂಗು ಎಂದು ಕೇಳಲು ಮಾತ್ರ ಪುರುಸೊತ್ತಾಗಲಿಲ್ಲ. ಐದೇ ನಿಮಿಷದಲ್ಲಿ ಮೂಳೆ ಆಸ್ಪತ್ರೆಯ ಕಾಂಪೌಂಡರನ್ನು ಪೆಟ್ಟಿಗೆಸಮೇತ ಎಳೆದು ತಂದರು.

"ಪೇಶಂಟ್ ಎಲ್ಲಿ?"

ಗುಮಾಸ್ತರು ಸಂಕೋಚದಿಂದ ಮೇಲಕ್ಕೆ ಕೈ ತೋರಿಸಿದರು.

ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಗುವ ಜಾಯಮಾನ ಕಾಂಪೌಂಡರದಲ್ಲ. "ಇಪ್ಪತ್ತು ವರ್ಷದಿಂದ ಕೈಕಾಲಿಗೆ ಹಾಕ್ತಿದೀನಿ. ಇದಾದ್ರೆ ಕಿರುಚೋದೂ ಇಲ್ಲ. ನೀರು ತನ್ನಿ."

ಏಣಿ ಹತ್ತಿ, ಪ್ಲಾಸ್ಟರ್ ಪಟ್ಟಿಯನ್ನು ನೀರಿಗದ್ದಿ, ಗಿಳಿಯ ಕತ್ತಿನಿಂದ ಮೂಗಿನ ತನಕ ಬಿಗಿಯಾಗಿ ಸುತ್ತಿದರು. ಮೇಷ್ಟ್ರು ಕೆಳಗೆ ನಿಂತು ತಿದ್ದಿದರು: "ಇದು ಹದ್ದಾಯ್ತು. ಸ್ವಲ್ಪ ಬಗ್ಗಿಸಿ. ಊಹೂಂ, ಈಗ ಕೋಳಿ." ಮೂರನೆಯ ಸಲಕ್ಕೆ ಗಿಳಿ ಬಂತು. ಒಣಗಿದ ಮೇಲೆ ಮೇಷ್ಟ್ರೇ ಬಣ್ಣ ಬಳಿದರು.

"ಆನೆ ಕಟ್ಟಿ ಎಳೆದ್ರೂ ಬರಲ್ಲ. ಆರು ವಾರ ನೀರು ತಾಗಿಸ್ಬೇಡಿ," ಎಂದು ಕಾಂಪೌಂಡರು ರೂಢಿಯಂತೆ ಹೇಳಿ ಹೋದರು.

ನಾಲ್ಕಕ್ಕೆ ಸರಿಯಾಗಿ ಅತ್ತೆ ಮಾವ ಬಂದರು. ಅತ್ತೆ ಗಿಳಿಗಳನ್ನು ಕಣ್ತುಂಬ ನೋಡಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು.

ಅಷ್ಟಕ್ಕೇ ಕಾದಿದ್ದವರಂತೆ ಮಾವ ಅಳಿಯನ ಕಿವಿಯಲ್ಲಿ ಪಿಸುಗುಟ್ಟಿದರು. "ಅಳಿಯಂದ್ರೇ, ಬೇಗ ಏಣಿ ತನ್ನಿ. ಹೋದ ಸಲ ಧೂಳು ಒರೆಸ್ತಾ ಆ ಎಡಗಡೆ ಗಿಳಿ ಮೂಗು ನನ್ನ ಕೈಯಲ್ಲೇ ಮುರೀತು. ನಿಮ್ಮತ್ತೆಗೆ ಗೊತ್ತಾಗದ ಹಾಗೆ ಗೋಂದು ಹಚ್ಚಿ ನಿಲ್ಲಿಸಿ ಹೋಗಿದ್ದೆ." ಜೇಬಿನಿಂದ ಹೊಸ ಗಾರೆ ಮೂಗೊಂದನ್ನು ತೆಗೆದರು. "ಮುಟ್ಟಿದ್ರೆ ಸಾಕು, ಹಳೇದು ಕೈಗೆ ಬರುತ್ತೆ."

ನಿಜ ಹೇಳೋಣವೆಂದರೆ ಬೆಳಗಿನ ಕತೆಯೆಲ್ಲ ಹೊರಬೀಳುತ್ತದೆ. "ಬೇಡ ಮಾವ, ಹಾಗೇ ಚೆನ್ನಾಗಿದೆ. ಬೇಡ ಮಾವ," ಎಂದಷ್ಟೇ ಗುಮಾಸ್ತರು ಗೋಗರೆದರು.

"ಗಾರೆ ವಿಷಯ ನಿಮಗೇನು ಗೊತ್ತು?" ಮಾವ ತಾವೇ ಏಣಿ ತಂದು ಹತ್ತಿ ಮೂಗು ಹಿಡಿದು ಎಳೆದರು. ಅಲುಗಲಿಲ್ಲ. ಮೇಸ್ತ್ರಿಗೆ ಹಟ ಬಂತು. ಎರಡೂ ಕೈಯಿಂದ ಹಿಡಿದು ಜಗ್ಗಿದರು. ಮೂಗು ಬರಲಿಲ್ಲ, ಗಿಳಿಯೇ ಗೋಡೆ ಬಿಟ್ಟು ಬಂತು.

"ಏನ್ರೀ ಅದು ಸದ್ದು?" ಹಿತ್ತಲಿನಿಂದ ಅತ್ತೆಯ ದನಿ.

ಮಾವ ಗಿಳಿಯನ್ನು ಅಳಿಯನ ಕೈಗೆ ದಾಟಿಸಿ, ಆ ವಯಸ್ಸಿಗೆ ನಂಬಲಾಗದ ಚುರುಕಿನಲ್ಲಿ ಇಳಿದು, ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದರು.

"ಏನ್ಹೇಳ್ಲಿ, ನಿನ್ನ ಅಳಿಯಂದ್ರು ಕಣೇ," ಎಂದರು. "ಬೇಡ ಬೇಡ ಅಂತ ಬಡ್ಕೊಂಡೆ, ಕೇಳ್ಲೇ ಇಲ್ಲ."