ಎರಡು ಬಂದೂಕು, ಒಂದು ಅವರೆ ಚಪ್ಪರ

ಮನೆಗೆ ಬಂದೂಕು ಬಂದರೆ ಅದರ ಸದ್ದಿಗೆ ಹೆದರಬೇಕು ಎಂದು ನಾನು ಅಂದುಕೊಂಡಿದ್ದೆ. ಬಂದ ಮೇಲೆ ಗೊತ್ತಾಯಿತು, ಬಂದೂಕು ಸದ್ದು ಮಾಡುವುದು ಅಪರೂಪಕ್ಕೊಮ್ಮೆ, ಕೊಂಡವರು ಮಾಡುವುದು ಮೂರು ಹೊತ್ತೂ. ಟೆಕ್ಸಸ್ಸಿನಲ್ಲಿ, ಡಾಲಸ್ ಪಕ್ಕದ ಮರ್ಫಿಯ ನಮ್ಮ ಮನೆಯಲ್ಲಿ ಇಂಥ ಪ್ರಸಂಗಗಳಿಗೆ ಬರವಿಲ್ಲ. ಇಲ್ಲಿ ಹೇಳುತ್ತಿರುವುದು ನನ್ನ ಅವರೆಕಾಯಿಗೆ ಸಂಬಂಧಪಟ್ಟ ವರ್ಷದ್ದು ಮಾತ್ರ.

ಡಾಲಸ್ಸಿನ ಇಂಡಿಯನ್ ಅಂಗಡಿಯಲ್ಲಿ ಅವರೆಕಾಳು ಸಿಗುತ್ತದೆ, ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದು. ಅದರಲ್ಲಿ ಕಾಳಿದೆ, ಸೊಗಡಿಲ್ಲ. ಸೊಗಡಿಲ್ಲದ ಅವರೆಕಾಳನ್ನು ತಿನ್ನುವುದೂ ಬಟಾಣಿ ತಿನ್ನುವುದೂ ಒಂದೇ. ನಮ್ಮ ಪುಣ್ಯಕ್ಕೆ ಆಸ್ಟಿನ್ನಿನ ಹೊರಗೆ ಜಮೀನು ಕೊಂಡಿದ್ದ, ಬೆಂಗಳೂರಿನ ಕಡೆಯ ಆಂಟಿಯೊಬ್ಬರು ನಮಗೆ ಬೇಕಾದವರು. ಅವರು ಆ ವರ್ಷ ಅವರೆ ಹಾಕಿ, ಚಪ್ಪರ ಕಟ್ಟಿ ಬಳ್ಳಿ ಹಬ್ಬಿಸಿದ್ದರು. ಟೆಕ್ಸಸ್ಸಿನವರು ಇದೇ ಅವರೆಯನ್ನು ಜಿಂಕೆ ಮೇಯಲಿ ಎಂದು ಬಿತ್ತುತ್ತಾರಂತೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

"ಒಂದಷ್ಟು ದಿನ ಇಬ್ಬನಿ ಬೀಳಲಿ, ಸೊಗಡು ಹತ್ತಲಿ. ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಬಂದು ಚೀಲ ತುಂಬ ಕಿತ್ಕೊಂಡು ಹೋಗಮ್ಮ" ಎಂದಿದ್ದರು ಆಂಟಿ. ನಾನು ಬೇಸಗೆಯಿಂದಲೇ ಹಿದುಕಿದಬೇಳೆ ಸಾರಿನ ಕನಸು ಕಾಣುತ್ತಿದ್ದೆ.

ಯಾವುದಾದರೂ ಒಂದು ಕೇಳಿ

ಗ್ರೀನ್ ಕಾರ್ಡ್ ಬಂದರೆ ಜನ ಮನೆ ಕೊಳ್ಳುತ್ತಾರೆ, ಊರಿಗೆ ಹೋಗಿ ಬರುತ್ತಾರೆ. ನಮ್ಮವರು ಬಂದೂಕಿನ ಅಂಗಡಿಗೆ ಹೋದರು. ಜೊತೆಗೆ ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನಿಂದ ಬಂದ ಅವರ ಎಂಜಿನಿಯರಿಂಗ್ ಕಾಲೇಜಿನ ಗೆಳೆಯ. ಇಬ್ಬರಿಗೂ ಸೆಮಿ ಆಟೊಮ್ಯಾಟಿಕ್ ಸ್ಪೋರ್ಟಿಂಗ್ ರೈಫಲ್ಲೇ ಆಗಬೇಕು. ಅಂದರೆ ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು ಹಾರಿ, ಖಾಲಿ ಚಿಪ್ಪು ತಾನಾಗಿ ಹೊರಬಿದ್ದು, ಮುಂದಿನ ಗುಂಡು ತಾನಾಗಿ ಒಳಗೆ ಕೂತುಕೊಳ್ಳುವಂಥದ್ದು.

"ನನಗೆ ಅಕ್ಯುರೆಸಿಯೂ ಬೇಕು, ರಿಲಯಬಿಲಿಟಿಯೂ ಬೇಕು" ಎಂದರು ನಮ್ಮವರು. ಅಂಗಡಿಯವನು ಟೋಪಿ ಸರಿಮಾಡಿಕೊಂಡು ಹೇಳಿದನಂತೆ, "ಯಾವುದಾದರೂ ಒಂದು ಕೇಳಿ ಸರ್, ಕೊಡ್ತೀನಿ." ಗುರಿ ಕೂದಲೆಳೆಯಷ್ಟೂ ತಪ್ಪಬಾರದು ಅಂದರೆ ಒಳಗಿನ ಭಾಗಗಳೆಲ್ಲ ಬಿಗಿಯಾಗಿರಬೇಕು. ಬಿಗಿಯಾಗಿದ್ದರೆ ಚೂರು ಧೂಳು ಹೊಕ್ಕರೂ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತದೆ. ಸಡಿಲವಾಗಿದ್ದರೆ ಧೂಳು, ಮಣ್ಣು ಎಲ್ಲ ನುಂಗಿಕೊಂಡು ಹೊಡೆಯುತ್ತಲೇ ಇರುತ್ತದೆ, ಗುರಿ ಮಾತ್ರ ಅಂದಾಜಿನದು.

ನಮ್ಮವರು ಬಿಗಿಯದ್ದು ತಂದರು. ಅವರು ಇನ್ನೇನು ತಂದಾರು. ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ದಶಾಂಶದ ನಾಲ್ಕನೇ ಅಂಕಿಗೆ ಜಗಳ ಆಡುವ ಮನುಷ್ಯ. ಎಂಟಾಯಿತೇ ಎಂದು ಕೇಳಿದರೆ "ಏಳು ಐವತ್ತಾರು" ಎನ್ನುತ್ತಾರೆ, ಎಂಟಕ್ಕೆ ಹೊರಡಬೇಕಾದ ಕಡೆಗೆ ಒಂಬತ್ತೂವರೆಗೆ ಹೊರಡುತ್ತಾರೆ. ಗೆಳೆಯ ಹುಬ್ಬಳ್ಳಿಯವರು, ಎಣ್ಣೆ ಕಂಪನಿಯ ಪಂಪುಗಳು ನಿಲ್ಲದಂತೆ ನೋಡಿಕೊಳ್ಳುವುದು ಅವರ ಕೆಲಸ. ಬರುತ್ತೇನೆ ಎಂದರೆ ಬಂದೇ ಬರುತ್ತಾರೆ, ಆದರೆ ಶನಿವಾರ ಎಂದವರು ಶುಕ್ರವಾರ ಬಾಗಿಲು ತಟ್ಟುತ್ತಾರೆ. ಅವರು ಸಡಿಲದ್ದು ಕೊಂಡರು.

ಆ ಸಂಜೆ ನಮ್ಮ ಊಟದ ಮೇಜಿನ ಮೇಲೆ ಶುರುವಾದ ವಾದ ಇವತ್ತಿಗೂ ಮುಗಿದಿಲ್ಲ. "ಗುರಿ ಇಲ್ಲದ ಮೇಲೆ ಅದು ಬಂದೂಕಲ್ಲ, ಪಟಾಕಿ" ಎಂದರು ನಮ್ಮವರು. ಗೆಳೆಯ ನನ್ನ ಕಡೆ ತಿರುಗಿ ಹೇಳಿದರು, "ಮೊದ್ಲ ಗುಂಡು ಹಾರ್ಬೇಕ್ರಿ ವೈನಿ. ಎಲ್ಲಿ ಬೀಳ್ತೈತಿ ಅನ್ನೂದು ಆಮ್ಯಾಲಿನ ಮಾತು."

ಒಂದೇ ತೂತು

ನಮ್ಮವರು ಶೂಟಿಂಗ್ ರೇಂಜಿಗೆ ಹೋಗಿ ಬಂದ ಮೊದಲ ದಿನ ಮುಖ ಹಿಗ್ಗಿತ್ತು. ಮೂರು ಗುಂಡು ಹಾರಿಸಿದ್ದರು, ಮೂರೂ ಕಾಗದದ ಗುರಿಯಲ್ಲಿ ಒಂದೇ ತೂತಿನಲ್ಲಿ ತೂರಿದ್ದವು. ನಾಲ್ಕನೆಯದು ಸಿಕ್ಕಿಹಾಕಿಕೊಂಡಿತು, ಉಳಿದ ಇಡೀ ಮಧ್ಯಾಹ್ನ ಅದನ್ನು ಬಿಡಿಸುವುದರಲ್ಲಿ ಕಳೆಯಿತು. ಆ ಭಾಗವನ್ನು ಅವರು ಹೇಳಲಿಲ್ಲ. ಜೊತೆಗೆ ಹೋಗಿದ್ದ ಗೆಳೆಯ ಆಮೇಲೆ ಫೋನಿನಲ್ಲಿ ಹೇಳಿದರು.

ಕಾಗದಕ್ಕೆ ಚೌಕಟ್ಟು ಹಾಕಿಸಿ ಹಾಲಿನಲ್ಲಿ, ತಿರುಪತಿ ತಿಮ್ಮಪ್ಪನ ಕ್ಯಾಲೆಂಡರಿನ ಪಕ್ಕಕ್ಕೇ ನೇತುಹಾಕಿದರು. ಬಂದವರೆಲ್ಲ ಮೊದಲು ತಿಮ್ಮಪ್ಪನಿಗೆ, ಆಮೇಲೆ ಆ ತೂತಿಗೆ ಕೈಮುಗಿಯಬೇಕೆಂದು ಅವರ ಆಸೆ ಇದ್ದಿರಬೇಕು. ತೆಗೀರಿ ಎಂದು ನಾನು ಹೇಳಿ ಹೇಳಿ ಸೋತೆ.

ಅಷ್ಟರಲ್ಲಿ ಆಸ್ಟಿನ್ ಆಂಟಿ ಯಾವುದೋ ಮದುವೆಗೆಂದು ಡಾಲಸ್‌ಗೆ ಬಂದವರು ನಮ್ಮಲ್ಲಿ ಉಳಿದುಕೊಂಡರು. ಕಾಫಿ ಹಿಡಿದುಕೊಂಡು ಚೌಕಟ್ಟಿನ ಮುಂದೆ ನಿಂತರು.

"ಎಷ್ಟು ಗುಂಡು ಹೊಡೆದೆಯಪ್ಪ?"

"ಮೂರು ಆಂಟಿ."

"ಒಂದೇ ತೂತಿದೆಯಲ್ಲ?"

"ಅದೇ ಆಂಟಿ ವಿಶೇಷ. ಮೂರೂ ಅದೇ ತೂತಲ್ಲಿ ಹೋಗಿದೆ."

"ಹೌದಾ" ಎಂದರು ಆಂಟಿ, ಬಹಳ ಮರ್ಯಾದೆಯಿಂದ. ಅಡುಗೆಮನೆಗೆ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು. "ಪಾಪ, ಎರಡು ತಪ್ಪಿಹೋಗಿದೆ ಕಣೆ. ಗಂಡಸು, ಹೇಳ್ಕೊಳ್ಳೋಕೆ ನಾಚಿಕೆ. ನೀನೇನೂ ಅನ್ನಬೇಡ."

ಆಯುಧ ಪೂಜೆ

ಆಯುಧ ಪೂಜೆಗೆ ಗೆಳೆಯ ಒಂದು ದಿನ ಮೊದಲೇ ಬಂದರು, ರೈಫಲ್ ಸಮೇತ. ಕಾರುಗಳ ಚಕ್ರದ ಕೆಳಗೆ ನಿಂಬೆಹಣ್ಣು, ಲ್ಯಾಪ್‌ಟಾಪಿಗೆ ಕುಂಕುಮ, ನನ್ನ ಮಿಕ್ಸಿಗೆ ಹೂವು, ಎಲ್ಲ ಪ್ರತಿ ವರ್ಷದಂತೆಯೇ ಆಯಿತು. ಈ ಸಲ ಗುಂಡು ತೆಗೆದ ಎರಡು ಬಂದೂಕುಗಳು ಮಣೆಯ ಮೇಲೆ ಮಲಗಿದ್ದವು. ಆಯುಧ ಪೂಜೆಗೆ ನಿಜವಾದ ಆಯುಧ ಬಂದದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಗೆಳೆಯ ತಮ್ಮದಕ್ಕೆ ಧಾರಾಳವಾಗಿ ಅರಿಶಿನ ಬಳಿದು, ಮೂರು ಕಡೆ ಕುಂಕುಮ ಮೆತ್ತಿ, ಮೇಲೆ ಚೆಂಡುಹೂವು ಇಟ್ಟರು. ನಮ್ಮವರು ತಮ್ಮದಕ್ಕೆ ಟಿಶ್ಯೂ ಕಾಗದ ಸುತ್ತಿ, ಆ ಕಾಗದಕ್ಕೆ ಒಂದು ಚುಕ್ಕೆ ಗಂಧ ಇಟ್ಟರು.

"ಇದು ಬಂದೂಕಿಗೆ ಪೂಜೆಯೋ, ಕಾಗದಕ್ಕೋ?" ಎಂದೆ.

"ಒಳಗೆ ಪುಡಿ ಹೋದರೆ ಸಿಕ್ಕಿಹಾಕಿಕೊಳ್ಳುತ್ತೆ, ನಿನಗೆ ಗೊತ್ತಾಗಲ್ಲ."

ನನಗೆ ಗೊತ್ತಾಗದ್ದು ಇನ್ನೇನಿದೆ. ಮಂಗಳಾರತಿ ಮಾಡಿ ನಾನು ಎಲ್ಲದರ ಮೇಲೂ ಅಕ್ಷತೆ ಹಾಕಿದೆ. ಮಾರನೆಯ ದಿನ ಇಬ್ಬರೂ ರೇಂಜಿಗೆ ಹೋದರು. ಗೆಳೆಯನ ಬಂದೂಕು ಹಳದಿ ಹೊಗೆ ಬಿಡುತ್ತಾ ಹೊಡೆಯುತ್ತಲೇ ಹೋಯಿತು. ಅರಿಶಿನದ ಮಡಿಕೆ ಒಡೆದ ಹಾಗೆ ಘಮಘಮ ಎನ್ನುತ್ತಿತ್ತಂತೆ, ಪಕ್ಕದ ಸಾಲಿನವರು ಇದು ಯಾವ ಕಂಪನಿಯ ಗುಂಡು ಎಂದು ವಿಚಾರಿಸಿದರಂತೆ. ನಮ್ಮವರದು ಮೊದಲ ಗುಂಡಿಗೇ ನಿಂತಿತು. ಮನೆಗೆ ತಂದು, ಬಟ್ಟೆ ಹಾಸಿ, ಒಂದೊಂದೇ ಭಾಗ ಬಿಚ್ಚಿ ನೋಡಿದರೆ ಎಲ್ಲೋ ಸಂದಿಯಲ್ಲಿ ಒಂದೇ ಒಂದು ಅಕ್ಕಿ ಕಾಳು.

ಅದನ್ನು ಚಿಮಟದಲ್ಲಿ ಎತ್ತಿ ನನ್ನ ಮುಖದ ಮುಂದೆ ಹಿಡಿದರು, ನಾನೇನೋ ಸಂಚು ಮಾಡಿದವಳ ಹಾಗೆ. ಗೆಳೆಯ ಸೋಫಾದಲ್ಲಿ ಒರಗಿಕೊಂಡು, "ದೇವರ ಆಶೀರ್ವಾದನೂ ತಡ್ಕೊಳ್ಳಾಕ ಆಗೂದಿಲ್ಲಲ್ಲೋ ನಿನ್ನ ಬಂದೂಕಿಗೆ" ಎಂದರು.

ಚಪ್ಪರದ ಕೆಳಗೆ

ನವೆಂಬರಿನಲ್ಲಿ ಆಂಟಿಯ ಫೋನು ಬಂತು. ಕಾಡುಹಂದಿಗಳು ಬೆಳಗಿನ ಜಾವ ನುಗ್ಗಿ, ಚಪ್ಪರದ ಕೆಳಗೆ ನೆಲ ಉತ್ತುಹೋಗುತ್ತಿದ್ದವು, ಎಟುಕಿದ ಕಾಯನ್ನೆಲ್ಲ ತಿನ್ನುತ್ತಿದ್ದವು. "ಮೇಲಿನದು ಇನ್ನೂ ಇದೆ. ಈಗ ಇಬ್ಬನಿ ಶುರುವಾಗಿದೆ, ಸೊಗಡು ಹತ್ತುತ್ತಾ ಇದೆ. ಇನ್ನೂ ನಾಲ್ಕು ದಿನ ಕಾಯಬೇಕಲ್ಲಮ್ಮ. ನಿಮ್ಮನೆಯವರ ಹತ್ತಿರ ಬಂದೂಕಿದೆಯಲ್ಲ?"

ಅಷ್ಟು ತಿಂಗಳು ವಾದ ಮಾಡಿದ ಇಬ್ಬರಿಗೂ ಕೊನೆಗೊಂದು ಕೆಲಸ ಸಿಕ್ಕಿತು. ಅದೂ ನನ್ನ ಅವರೆಕಾಯಿ ಕಾಯುವ ಕೆಲಸ. ನಿಜ ಹೇಳಬೇಕೆಂದರೆ ನನಗೆ ಭಯವಾಯಿತು. ಹಂದಿಗಳ ಭಯವಲ್ಲ.

ಥ್ಯಾಂಕ್ಸ್‌ಗಿವಿಂಗ್ ರಜದಲ್ಲಿ ನಾವು ಮರ್ಫಿಯಿಂದ, ಗೆಳೆಯ ಕೇಟಿಯಿಂದ ಆಸ್ಟಿನ್ ಸೇರಿದೆವು. ನಮ್ಮವರು ರೈಫಲ್ಲಿನ ಪ್ರತಿ ಭಾಗವನ್ನೂ ತೊಳೆದು ಒರೆಸಿ ತಂದಿದ್ದರು, ಹಚ್ಚುವ ಎಣ್ಣೆಯ ಸೀಸೆಯನ್ನು ಮಾತ್ರ ಮನೆಯಲ್ಲೇ ಮರೆತಿದ್ದರು. ಆಂಟಿಯ ಒಲೆಯ ಪಕ್ಕದಲ್ಲಿ ಕೊಬ್ಬರಿ ಎಣ್ಣೆ ಇತ್ತು. ತಿಳಿಯಾಗಿ, ನೀರಿನ ಹಾಗೆ ಇತ್ತು. ಇವರು ಅದನ್ನೇ ಹತ್ತಿಯಲ್ಲಿ ಅದ್ದಿ ಸಂದಿಸಂದಿಗೂ ಹಚ್ಚಿದರು. ಗೆಳೆಯನಿಗೂ ಕೊಡಲು ಹೋದರು. "ನಂದಕ್ಕ ಎಣ್ಣೀನೂ ಬ್ಯಾಡ, ನೀರೂ ಬ್ಯಾಡ" ಎಂದರು ಅವರು.

ಬೆಳಿಗ್ಗೆ ಎದ್ದರೆ ಮೈ ಕೊರೆಯುವ ಚಳಿ. ಎಲೆ ಎಲೆಯ ಮೇಲೂ ಇಬ್ಬನಿ. ಕಿಟಕಿ ತೆರೆದರೆ ಅವರೆಯ ಸೊಗಡು ಅಡುಗೆಮನೆಯೊಳಗೇ ಬರುತ್ತಿತ್ತು, ನನಗೆ ಕಣ್ಣಲ್ಲಿ ನೀರೇ ಬಂತು. ಗಂಡಸರಿಬ್ಬರೂ ಹೊರಗೆ ಕುರ್ಚಿ ಹಾಕಿಕೊಂಡು, ಚಪ್ಪರದ ಹಿಂದಿನ ಮಣ್ಣಿನ ದಿಬ್ಬದ ಕಡೆ ಮುಖ ಮಾಡಿ ಕೂತಿದ್ದರು. ಹಂದಿಗಳು ಬಂದವು, ಇಡೀ ಸಂಸಾರ. ಗೆಳೆಯ ಪಿಸುಗುಟ್ಟಿದರು, "ನಿಂದು ಗುರಿ ಅಲ್ಲ? ಮೊದ್ಲ ನೀನ ಹೊಡಿ." ನಮ್ಮವರು ಉಸಿರು ಹಿಡಿದು, ಅಳತೆ ನೋಡಿ, ಟ್ರಿಗರ್ ಎಳೆದರು. ಟಿಕ್ ಎಂದಿತು. ಅಷ್ಟೇ.

ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ, ಒಳಗಿನದೆಲ್ಲ ಬೆಣ್ಣೆಯಲ್ಲಿ ಹೂತ ಹಾಗಾಗಿತ್ತು. ಪ್ರತಿ ಚಳಿಗಾಲ ತಲೆಗೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸುವ ಮನುಷ್ಯ ಇದೇ ಮನುಷ್ಯ. ನಾನು ಯಾರಿಗೆ ಹೇಳಲಿ. ಗುಂಡು ತೆಗೆದ ಬಂದೂಕನ್ನು ಮಗುವಿನ ಹಾಗೆ ಎತ್ತಿಕೊಂಡು ಅಡುಗೆಮನೆಗೆ ಬಂದು, ತಗ್ಗಿದ ದನಿಯಲ್ಲಿ ಕೇಳಿದರು.

"ಆಂಟಿ, ಹೇರ್ ಡ್ರೈಯರ್ ಇದೆಯಾ?"

"ಸ್ನಾನ ಆಯ್ತೇನಪ್ಪ ಇಷ್ಟು ಬೇಗ?" ಎಂದರು ಆಂಟಿ.

ಇವರು ಡ್ರೈಯರ್ ಹಚ್ಚಿಕೊಂಡು ನಿಂತರು. ಹೊರಗೆ ಗೆಳೆಯನ ಬಂದೂಕು ಶುರುವಾಯಿತು. ಢಂ, ಢಂ, ಢಂ, ಎಲ್ಲೂ ತಡೆಯಲಿಲ್ಲ, ಕೊನೆಯ ಗುಂಡಿನ ತನಕ ಹೊಡೆಯಿತು. ಒಂದೂ ಹಂದಿಗೆ ತಾಗಲಿಲ್ಲ. ಹಂದಿಗಳು ಓಡಿದವು. ಅಬ್ಬಾ ಎಂದು ನಾನೂ ಆಂಟಿಯೂ ಹೊರಗೆ ಬರುವ ಹೊತ್ತಿಗೆ ಚಪ್ಪರದ ಮೂಲೆಯ ಕಂಬ, ಗುಂಡು ತಾಗಿ ಸೀಳಿದ್ದು, ಲಟಕ್ಕೆಂದು ಮುರಿಯಿತು. ಅದರ ಹಿಂದೆಯೇ ಇನ್ನೊಂದು ಕಂಬ ವಾಲಿತು. ಆಮೇಲೆ ಇಡೀ ಚಪ್ಪರ, ಬಳ್ಳಿ, ಹೂವು, ನಾವು ಅಷ್ಟು ದಿನ ಸೊಗಡಿಗೆಂದು ಕಾದಿದ್ದ ಕಾಯಿ ಎಲ್ಲ ನಿಧಾನವಾಗಿ ನೆಲಕ್ಕೆ ಮಲಗಿತು.

ದಿಬ್ಬದ ಬಳಿ ಹೋಗಿ ನಿಂತಿದ್ದ ಹಂದಿಗಳು ತಿರುಗಿ ನೋಡಿದವು. ಇಷ್ಟು ದಿನ ಎಟುಕದಿದ್ದದ್ದು ಈಗ ಬಾಯಿಯ ಮಟ್ಟಕ್ಕೆ ಬಂದಿತ್ತು. ವಾಪಸು ಬಂದವು. ಗೆಳೆಯನ ಹತ್ತಿರ ಗುಂಡು ಮುಗಿದಿತ್ತು. "ರೀ, ಬನ್ನಿ" ಎಂದು ಕೂಗುತ್ತಾ ನಾನು ಬಕೆಟ್ ಬಡಿದುಕೊಂಡು ಓಡಿದೆ, ಆಂಟಿ ಪೊರಕೆ ಹಿಡಿದು ಓಡಿದರು. ಅಷ್ಟರಲ್ಲಿ ನಮ್ಮವರು ಬೆಚ್ಚಗಿನ ಬಂದೂಕು ಹಿಡಿದು ಹೊರಗೆ ಬಂದು, "ಈಗ ರೆಡಿ. ಆದರೆ ನೀವಿಬ್ಬರೂ ಅಡ್ಡ ನಿಂತಿದ್ದೀರಲ್ಲ" ಎಂದರು. ಹಂದಿಗಳನ್ನು ನಾವಿಬ್ಬರೇ ಅಟ್ಟಿದೆವು. ಅವು ತುಳಿದು, ಅಗಿದು ಬಿಟ್ಟದ್ದರಲ್ಲಿ ಒಂದು ಪಾತ್ರೆಯ ತಳ ಮುಚ್ಚುವಷ್ಟು ಕಾಯಿ ಸಿಕ್ಕಿತು.

ನಾನು ಬಳ್ಳಿಯ ಮಧ್ಯೆ ಕೂತುಬಿಟ್ಟೆ. ಒಂದು ವರ್ಷದ ಸಾರು ಮಣ್ಣಾಗಿತ್ತು, ಅಳುವುದೋ ಬೈಯುವುದೋ ತಿಳಿಯಲಿಲ್ಲ. ಗಂಡಸರಿಬ್ಬರೂ ಆಗಲೇ ವಾದಕ್ಕೆ ಇಳಿದಿದ್ದರು. "ಗುರಿ ಇಲ್ಲದಿದ್ದರೆ ಏನಾಗುತ್ತೆ ನೋಡಿದೆಯಾ?" ಎಂದರು ನಮ್ಮವರು. ಗೆಳೆಯ ಅವರನ್ನು ಬಿಟ್ಟು ಆಂಟಿಯ ಕಡೆ ತಿರುಗಿದರು. ಮುಖದಲ್ಲಿ ಪಶ್ಚಾತ್ತಾಪವಿದ್ದರೂ ಬಂದೂಕನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ.

"ಏನರೆ ಅನ್ರಿ ಆಂಟಿ, ನಂದು ಒಂದು ಸಲನೂ ನಿಲ್ಲಲಿಲ್ಲ."

ಆಂಟಿ ಪೊರಕೆ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು.

"ಹೌದು ಕಣಪ್ಪ. ನಿನ್ನ ಬಂದೂಕೂ ನಿಲ್ಲಲಿಲ್ಲ, ನನ್ನ ಚಪ್ಪರವೂ ನಿಲ್ಲಲಿಲ್ಲ."